ಅಂದು, ಅಲ್ಲಿ, ಗೆ: ಇಂಗ್ಲಿಷಿನ ಮೂರು ಸಣ್ಣ ಪದಗಳ ಬಗ್ಗೆ

ದಾವಣಗೆರೆಯ ಒಂದು ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಕೇಳಲು ಬಂದವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕೆಲಸದಲ್ಲಿರುವವರು. ಕೆಲವರು ಶಿಕ್ಷಕರು. ಹೇಳಿದ್ದನ್ನು ಬರೆದು ಕೊಡಿ ಎಂದು ಅವರೇ ಕೇಳಿದರು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬೋರ್ಡಿನ ಮೇಲೆ ಮೂರು ಸಾಲು ಬರೆದಿದ್ದೇನೆ, ನೋಡಿ.

1947ರಲ್ಲಿ ಸ್ವಾತಂತ್ರ್ಯ ಬಂತು.
ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು.
ನಡುರಾತ್ರಿ 12 ಗಂಟೆಗೆ ಸ್ವಾತಂತ್ರ್ಯ ಬಂತು.

ಮೂರೂ ಸಾಲು ಹೇಳುವುದು ಒಂದೇ ಸಂಗತಿಯನ್ನು. ಆದರೆ ಪದದ ಬಾಲ ನೋಡಿ. ಒಂದರಲ್ಲಿ 'ಅಲ್ಲಿ', ಇನ್ನೊಂದರಲ್ಲಿ 'ಅಂದು', ಮತ್ತೊಂದರಲ್ಲಿ 'ಗೆ'. ಈಗ ಸುಮ್ನೆ ಅದಲು ಬದಲು ಮಾಡಿ ನೋಡೋಣ. '1947ರಂದು ಸ್ವಾತಂತ್ರ್ಯ ಬಂತು.' '12 ಗಂಟೆಯಂದು ಸ್ವಾತಂತ್ರ್ಯ ಬಂತು.' ಕಿವಿಗೆ ಚುಚ್ಚುತ್ತದೆ ಅಲ್ವಾ? ಶಾಲೆಯ ಮೆಟ್ಟಿಲು ಹತ್ತದವರೂ ಹೀಗೆ ಹೇಳುವುದಿಲ್ಲ. ಯಾರೂ ನಿಮಗೆ ಈ ನಿಯಮ ಕಲಿಸಲಿಲ್ಲ. ಆದರೂ ನೀವು ತಪ್ಪುವುದಿಲ್ಲ.

ಇದೇ ಮೂರು ಸಾಲನ್ನು ಇಂಗ್ಲಿಷಿನಲ್ಲಿ ಹೇಳಿ. 'ಇನ್ 1947.' 'ಆನ್ 15 ಆಗಸ್ಟ್.' 'ಅಟ್ ಮಿಡ್‌ನೈಟ್.' 'ಅಲ್ಲಿ'ಗೆ ಇನ್, 'ಅಂದು'ಗೆ ಆನ್, 'ಗೆ'ಗೆ ಅಟ್.

ಇವತ್ತು ನಾನು ಹೇಳಬೇಕೆಂದು ಬಂದ ಮುಖ್ಯ ವಿಷಯವೇ ಇದು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಅದರಲ್ಲಿ ಮೊದಲ ಹತ್ತು ವರ್ಷ ಇದು ನನ್ನ ಕಣ್ಣಿಗೆ ಬೀಳಲಿಲ್ಲ. 'ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ' ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಇನ್, ಆನ್, ಅಟ್ ಥರದ ಸಣ್ಣ ಪದಗಳಿಗೆ ಪ್ರಿಪೊಸಿಷನ್ ಎನ್ನುತ್ತಾರೆ. ಹೊತ್ತು ಹೇಳುವ ಪ್ರಿಪೊಸಿಷನ್ನುಗಳಲ್ಲಿ ಕನ್ನಡ ಹೆಚ್ಚಾಗಿ ನಮಗೆ ಅಡ್ಡ ಬರುವುದಿಲ್ಲ, ಹಾದಿ ತೋರಿಸುತ್ತದೆ. ಜಾಗ ಹೇಳುವಾಗ ಹೆಚ್ಚಾಗಿ ಕೈ ಬಿಡುತ್ತದೆ. ಎಲ್ಲಿ ಹಿಡಿದುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಮೊದಲು 'ಅಂದು' ನೋಡೋಣ. ಮೂರರಲ್ಲಿ ಅತಿ ಗಟ್ಟಿ ಆಧಾರ ಅದೇ. ಅಂದು ಎಂದರೆ ಆ ದಿನ. ಇಂದು ಎಂದರೆ ಈ ದಿನ. ಅಂದರೆ ಆ ಬಾಲದಲ್ಲೇ ದಿನ ಕೂತಿದೆ. ಇಂಗ್ಲಿಷಿನ ಆನ್ ಕೂಡ ಕಾಲದ ವಿಷಯಕ್ಕೆ ಬಂದರೆ ದಿನದ ಪದ. ಹಾಗಾಗಿ ಯಾವ ಪದಕ್ಕೆ ಅಂದು ಸೇರಿಸಬಹುದೋ ಅಲ್ಲಿ ಕಣ್ಣು ಮುಚ್ಚಿ ಆನ್ ಹಾಕಿ. ಸೋಮವಾರದಂದು, ಆನ್ ಮಂಡೇ. ಹುಟ್ಟುಹಬ್ಬದಂದು, ಆನ್ ಮೈ ಬರ್ತ್‌ಡೇ. ವಿಜಯದಶಮಿಯಂದು, ಆನ್ ವಿಜಯದಶಮಿ.

ಈ ಪರೀಕ್ಷೆ ಇನ್ನೂ ಒಂದು ಗಂಟು ಬಿಡಿಸುತ್ತದೆ. ಬೆಳಿಗ್ಗೆ ಎನ್ನಲು 'ಇನ್ ದಿ ಮಾರ್ನಿಂಗ್'. ಆದರೆ ಸೋಮವಾರ ಬೆಳಿಗ್ಗೆ ಎನ್ನಲು 'ಆನ್ ಮಂಡೇ ಮಾರ್ನಿಂಗ್'. ಇದು ಯಾಕೆ ಹೀಗೆ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅಂದು ಹಾಕಿ ನೋಡಿ. 'ಸೋಮವಾರದಂದು ಬೆಳಿಗ್ಗೆ' ಎನ್ನಬಹುದು. 'ಬೆಳಿಗ್ಗೆಯಂದು' ಎನ್ನಲು ಆಗುವುದಿಲ್ಲ. ಉತ್ತರ ನಿಮ್ಮ ನಾಲಿಗೆಯ ಮೇಲೇ ಇತ್ತು.

ಹಬ್ಬಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಂಗಳೂರಲ್ಲಿರುವ ಮಗ ಅಮ್ಮನಿಗೆ 'ದೀಪಾವಳಿಗೆ ಊರಿಗೆ ಬರ್ತೀನಿ' ಎನ್ನುತ್ತಾನೆ. ಆ ಮಾತಿನಲ್ಲಿ ದೀಪಾವಳಿ ಒಂದು ದಿನ ಅಲ್ಲ, ಹಬ್ಬದ ಹೊತ್ತು. ಅದಕ್ಕೆ 'ಅಟ್ ದೀಪಾವಳಿ', ಇಲ್ಲವೇ ಹಬ್ಬಕ್ಕೋಸ್ಕರ ಎಂಬ ಅರ್ಥದಲ್ಲಿ 'ಫಾರ್ ದೀಪಾವಳಿ'. 'ದೀಪಾವಳಿಯಂದು ಅಂಗಡಿ ಮುಚ್ಚಿರುತ್ತದೆ' ಎಂದರೆ ಒಂದು ದಿನದ ಮಾತು. ಅದಕ್ಕೆ 'ಆನ್ ದೀಪಾವಳಿ'. ನೀವು ಕನ್ನಡದಲ್ಲಿ ಯಾವ ಬಾಲ ಹಾಕಿದಿರೋ ಇಂಗ್ಲಿಷ್ ಅದನ್ನೇ ಹಿಂಬಾಲಿಸುತ್ತದೆ.

ಇನ್ನು 'ಅಲ್ಲಿ'. ಜೂನಲ್ಲಿ, ಮಳೆಗಾಲದಲ್ಲಿ, ಚಿಕ್ಕಂದಿನಲ್ಲಿ, ಹಿಂದಿನ ಶತಮಾನದಲ್ಲಿ. ಎಲ್ಲಕ್ಕೂ ಇನ್. ಇಡೀ ತಾರೀಕು ಹೇಳುವಾಗ ಏನು ಮಾಡಬೇಕು? '1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು' ಎನ್ನುತ್ತೇವೆ. ವರ್ಷಕ್ಕೆ ಬೇರೆ, ತಿಂಗಳಿಗೆ ಬೇರೆ ಎಂದು ಬಾಲ ಅಂಟಿಸುವುದಿಲ್ಲ. ದಿನಕ್ಕೆ ಅಂಟಿಸಿದರೆ ಸಾಕು. ಇಂಗ್ಲಿಷಿನಲ್ಲೂ 'ಆನ್ 1 ನವೆಂಬರ್ 1956', ಒಂದೇ ಆನ್.

'ಗೆ' ಬಾಲದ ಜೊತೆ ಸ್ವಲ್ಪ ಹುಷಾರು. ಗಂಟೆಗೆ, ಊಟದ ಹೊತ್ತಿಗೆ ಎಂಬಲ್ಲೆಲ್ಲ ಅಟ್ ಸರಿ. ಆದರೆ ಮಾತಾಡುವಾಗ ನಾವು '15ನೇ ತಾರೀಕಿಗೆ ಬನ್ನಿ' ಎಂದೂ ಹೇಳುತ್ತೇವೆ. ಅಲ್ಲಿ ಗೆ ಕಂಡಿತೆಂದು ಅಟ್ ಹಾಕಬೇಡಿ. 'ತಾರೀಕಿನಂದು' ಎನ್ನಬಹುದೇ ನೋಡಿ. ಎನ್ನಬಹುದು. ಹಾಗಾದರೆ ಆನ್. ಗೆ ಮತ್ತು ಅಂದು ಜಗಳಕ್ಕೆ ಬಿದ್ದಾಗ ಅಂದು ಹೇಳಿದಂತೆ ಕೇಳಿ. ಬೆಳಿಗ್ಗೆ ಎಂಬ ಪದದಲ್ಲೂ ಗೆ ಇದೆ, ಆದರೂ 'ಇನ್ ದಿ ಮಾರ್ನಿಂಗ್'. ಮಧ್ಯಾಹ್ನ, ಸಂಜೆಗೂ ಇನ್. ರಾತ್ರಿಗೆ ಮಾತ್ರ 'ಅಟ್ ನೈಟ್'. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ.

ಅನೇಕ ತರಗತಿಗಳಲ್ಲಿ ತಲೆಕೆಳಗಾದ ತ್ರಿಕೋನ ಬರೆಯುತ್ತಾರೆ. ದೊಡ್ಡದಕ್ಕೆ ಇನ್, ನಡುವಿನದಕ್ಕೆ ಆನ್, ಚಿಕ್ಕದಕ್ಕೆ ಅಟ್. ಕಾಲಕ್ಕೆ ಅದು ಹೆಚ್ಚುಕಡಿಮೆ ನಡೆಯುತ್ತದೆ. ಆದರೆ ರಾತ್ರಿ ಬೆಳಿಗ್ಗೆಗಿಂತ ಚಿಕ್ಕದಲ್ಲ, ಆದರೂ ಅಟ್. ಜಾಗಕ್ಕಂತೂ ಆ ತ್ರಿಕೋನ ಪೂರ್ತಿ ಕೈಕೊಡುತ್ತದೆ. ಅದನ್ನು ಆಮೇಲೆ ತೋರಿಸುತ್ತೇನೆ.

ಈಗ ಬಾಲವೇ ಇಲ್ಲದ ಪದಗಳು. 'ನಾಳೆ ಬರ್ತೀನಿ', 'ಮುಂದಿನ ಸೋಮವಾರ ಬರ್ತೀನಿ', 'ಪ್ರತಿ ಭಾನುವಾರ ಸಂತೆ ಇರುತ್ತೆ'. ಕನ್ನಡದಲ್ಲಿ ಇವಕ್ಕೆ ಏನೂ ಬೇಡ. ಇಂಗ್ಲಿಷಿನಲ್ಲೂ ಬೇಡ. ಆದರೆ 'ಆನ್ ಟುಮಾರೋ', 'ಆನ್ ನೆಕ್ಸ್ಟ್ ಮಂಡೇ' ಎಂದು ಬರೆದ ಪತ್ರಗಳನ್ನು ವಾರಕ್ಕೆ ಒಂದಾದರೂ ನೋಡುತ್ತೇನೆ. ಮಂಡೇ ಎಂದ ತಕ್ಷಣ ಆನ್ ಎಂದು ಕೈ ತಾನೇ ಬರೆಯುತ್ತದೆ. ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಮುಂದೆ ಬಂದರೆ ಆನ್ ತೆಗೆದುಬಿಡಿ.

ಟುಡೇ ಎಂಬ ಪದದ ಒಳಗೆ ಒಂದು ಸಣ್ಣ ಕಥೆ ಇದೆ. ಅದು ಮೊದಲು ಎರಡು ಪದ, 'ಟು' ಮತ್ತು 'ಡೇ'. ಹಳೆಯ ಪುಸ್ತಕಗಳಲ್ಲಿ ನಡುವೆ ಸಣ್ಣ ಗೆರೆ ಹಾಕಿ ಅಚ್ಚು ಮಾಡಿರುವುದನ್ನು ಕಾಣಬಹುದು. ಟುಮಾರೋ, ಟುನೈಟ್ ಕೂಡ ಹಾಗೇ. ಅವುಗಳ ಹೊಟ್ಟೆಯಲ್ಲಿ ಆಗಲೇ ಒಂದು ಪ್ರಿಪೊಸಿಷನ್ ಇದೆ. ಮುಂದೆ ಇನ್ನೊಂದು ಯಾಕೆ?

ಇಷ್ಟು ದೂರ ಕನ್ನಡ ನಮ್ಮ ಜೊತೆ ನಡೆಯಿತು. ಈಗ ಅದು ಎಡವಿಸುವ ಒಂದು ಜಾಗಕ್ಕೆ ಬರೋಣ. 'ಇಂದ' ಎಂಬ ಬಾಲ.

'2010ರಿಂದ ಇಲ್ಲಿದ್ದೇನೆ.' 'ಹತ್ತು ವರ್ಷದಿಂದ ಇಲ್ಲಿದ್ದೇನೆ.' ಎರಡಕ್ಕೂ ಇಂದ. ಅದಕ್ಕೇ ನಮ್ಮ ಬಾಯಲ್ಲಿ 'ಸಿನ್ಸ್ 2010' ಎಷ್ಟು ಸಲೀಸಾಗಿ ಬರುತ್ತದೋ 'ಸಿನ್ಸ್ ಟೆನ್ ಇಯರ್ಸ್' ಕೂಡ ಅಷ್ಟೇ ಸಲೀಸಾಗಿ ಬರುತ್ತದೆ. ಮೊದಲನೆಯದು ಸರಿ, ಎರಡನೆಯದು ತಪ್ಪು. ಇದು ಕನ್ನಡಿಗರ ತಪ್ಪು ಮಾತ್ರ ಅಲ್ಲ. ಹಿಂದಿಯವರೂ ಹೀಗೇ ಹೇಳುತ್ತಾರೆ. ಜರ್ಮನ್ ಭಾಷೆಯಲ್ಲೂ ಎರಡಕ್ಕೂ ಒಂದೇ ಪದ, ಹಾಗಾಗಿ ಜರ್ಮನರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ಎಡವುತ್ತಾರೆ. ಬುದ್ಧಿ ಕಡಿಮೆ ಎಂದು ಯಾರೂ ಕೊರಗಬೇಕಿಲ್ಲ.

ದಾರಿ ಸುಲಭ. ನಿಮ್ಮ ಮಾತು 'ಯಾವಾಗಿನಿಂದ?' ಎಂಬ ಪ್ರಶ್ನೆಗೆ ಉತ್ತರವೋ, 'ಎಷ್ಟು ಕಾಲದಿಂದ?' ಎಂಬ ಪ್ರಶ್ನೆಗೋ ನೋಡಿಕೊಳ್ಳಿ. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸುವಂಥದ್ದಾದರೆ ಸಿನ್ಸ್. ಸೋಮವಾರ, ಯುಗಾದಿ, ಮದುವೆಯಾದ ದಿನ. ಎಣಿಸಿ ಹೇಳುವಂಥದ್ದಾದರೆ ಫಾರ್. ಮೂರು ದಿನ, ಎರಡು ಗಂಟೆ, ಹತ್ತು ವರ್ಷ. ಡಾಕ್ಟರ ಹತ್ತಿರ ಹೋದಾಗ 'ಸಿನ್ಸ್ ಮಂಡೇ' ಅಥವಾ 'ಫಾರ್ ತ್ರೀ ಡೇಸ್'.

ಇದರ ಜೊತೆಗೇ ಇನ್ನೊಂದು ತೊಡಕು ಬರುತ್ತದೆ. ಕನ್ನಡದಲ್ಲಿ 'ಇದ್ದೇನೆ' ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ 'ಐ ಆಮ್ ಲಿವಿಂಗ್ ಹಿಯರ್ ಫಾರ್ ಟೆನ್ ಇಯರ್ಸ್' ಎಂದರೆ ಆಗದು. 'ಐ ಹ್ಯಾವ್ ಬೀನ್ ಲಿವಿಂಗ್' ಎನ್ನಬೇಕು. ಆಗ ಶುರುವಾಗಿ ಈಗಲೂ ನಡೆದಿದೆ ಎಂದು ತೋರಿಸುವ ಕೆಲಸವನ್ನು ಇಂಗ್ಲಿಷ್ ಕ್ರಿಯಾಪದಕ್ಕೂ ಹಂಚಿದೆ. ಫಾರ್ ಸರಿಮಾಡಿಕೊಂಡು ಕ್ರಿಯಾಪದ ಬಿಟ್ಟರೆ ಅರ್ಧ ಕೆಲಸ ಆದಂತೆ.

'ಸೋಮವಾರದಿಂದ ಶಾಲೆ ಶುರು' ಎಂಬಲ್ಲೂ ಇಂದ ಇದೆ. ಇದನ್ನು 'ಸ್ಟಾರ್ಟ್ಸ್ ಫ್ರಮ್ ಮಂಡೇ' ಎನ್ನುವುದು ನಮ್ಮ ದೇಶದಲ್ಲಿ ಎಲ್ಲೆಡೆ ಇದೆ, ಯಾರಿಗೂ ಅರ್ಥ ತಪ್ಪುವುದಿಲ್ಲ. ಆದರೆ ಶುರುವಾಗುವುದು ಒಂದು ದಿನ ನಡೆಯುವ ಘಟನೆ. ಆದ್ದರಿಂದ 'ಸ್ಟಾರ್ಟ್ಸ್ ಆನ್ ಮಂಡೇ' ಹೆಚ್ಚು ಸರಿ.

ಇಲ್ಲಿ ನನ್ನ ಅಭಿಪ್ರಾಯ ಒಂದು ಹೇಳುತ್ತೇನೆ. ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. 'ಸಿನ್ಸ್ ಟೆನ್ ಇಯರ್ಸ್' ಎಂದರೆ ಕೇಳುವವರಿಗೆ ಅರ್ಥವಾಗುತ್ತದೆ. ಆದರೆ ಕೆಲವು ತಪ್ಪುಗಳಲ್ಲಿ ಅರ್ಥವೇ ಬದಲಾಗುತ್ತದೆ, ಕೆಲಸ ಕೆಡುತ್ತದೆ. ಹೊತ್ತು ಕಡಿಮೆ ಇದ್ದರೆ ಮೊದಲು ಅವನ್ನು ಕಲಿಯಿರಿ, ಕಲಿಸಿರಿ. ಅಂಥವುಗಳಲ್ಲಿ ಮೊದಲನೆಯದು 'ಒಳಗೆ' ಮತ್ತು 'ತನಕ'.

'ಶುಕ್ರವಾರದ ಒಳಗೆ ಕಳಿಸಿ.' ಒಳಗೆ ಎಂದ ತಕ್ಷಣ ನಮಗೆ ವಿದಿನ್ ನೆನಪಾಗುತ್ತದೆ. 'ವಿದಿನ್ ಫ್ರೈಡೇ' ಎಂದು ಬರೆಯುತ್ತೇವೆ. ಇಂಗ್ಲಿಷಿನಲ್ಲಿ ವಿದಿನ್ ಎಣಿಸುವ ಕಾಲಕ್ಕೆ ಮಾತ್ರ: 'ವಿದಿನ್ ಟೂ ಡೇಸ್'. ಗಡುವು ಒಂದು ದಿನವೋ ಗಂಟೆಯೋ ಆಗಿದ್ದರೆ ಬೈ: 'ಬೈ ಫ್ರೈಡೇ', 'ಬೈ ಫೈವ್ ಓ ಕ್ಲಾಕ್'. ತನಕ ಎಂದರೆ ಅನ್‌ಟಿಲ್ ಅಥವಾ ಟಿಲ್: 'ಅಂಗಡಿ ಒಂಬತ್ತರ ತನಕ ತೆರೆದಿರುತ್ತದೆ'. ಬೈ ಎಂದರೆ ಅಷ್ಟರೊಳಗೆ ಒಮ್ಮೆ ಆಗಿ ಮುಗಿಯುವುದು. ಟಿಲ್ ಎಂದರೆ ಅಲ್ಲಿಯವರೆಗೂ ನಡೆಯುತ್ತಲೇ ಇರುವುದು. ನನ್ನ ವಿದ್ಯಾರ್ಥಿಯೊಬ್ಬರು 'ಐ ವಿಲ್ ಡೂ ಇಟ್ ಟಿಲ್ ಫ್ರೈಡೇ' ಎಂದು ಬರೆದಿದ್ದರು. ಶುಕ್ರವಾರದೊಳಗೆ ಮುಗಿಸಿಕೊಡುತ್ತೇನೆ ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ಓದಿದವರಿಗೆ ತಿಳಿದದ್ದು ಶುಕ್ರವಾರದವರೆಗೆ ಮಾಡುತ್ತಾ ಇರುತ್ತೇನೆ, ಆಮೇಲೆ ಬಿಡುತ್ತೇನೆ ಎಂದು.

ನನಗೂ ಹೀಗೊಂದು ಆಗಿದೆ. ಮೊದಲ ಕೆಲಸದಲ್ಲಿದ್ದಾಗ 'ಐ ಆಮ್ ಆನ್ ಲೀವ್ ಟಿಲ್ ಮಂಡೇ' ಎಂದು ರಜಾ ಪತ್ರ ಬರೆದೆ. ಸೋಮವಾರವೂ ಸೇರಿ ರಜೆ ಎಂಬುದು ನನ್ನ ಲೆಕ್ಕ. ಸೋಮವಾರ ಬರುತ್ತಾರೆ ಎಂಬುದು ಕಚೇರಿಯ ಲೆಕ್ಕ. ನನ್ನನ್ನು ನೋಡಲೆಂದೇ ಬೇರೆ ಊರಿನಿಂದ ಬಂದವರು ಮಧ್ಯಾಹ್ನದವರೆಗೆ ಕಾದು ವಾಪಸ್ ಹೋದರು. ತಪ್ಪು ಯಾರದ್ದೂ ಅಲ್ಲ. ಟಿಲ್ ಎಂಬ ಪದ ಆ ದಿನವನ್ನು ಸೇರಿಸುತ್ತದೋ ಇಲ್ಲವೋ ಎಂದು ಸ್ಪಷ್ಟವಾಗಿ ಹೇಳುವುದೇ ಇಲ್ಲ. ಕನ್ನಡದ ತನಕ ಕೂಡ ಹೇಳುವುದಿಲ್ಲ. ಅಂದಿನಿಂದ ನಾನು ಬರೆಯುವುದು ಒಂದೇ ರೀತಿ: 'ಮಂಗಳವಾರ ಕೆಲಸಕ್ಕೆ ಬರುತ್ತೇನೆ', 'ಐ ವಿಲ್ ಬಿ ಬ್ಯಾಕ್ ಆನ್ ಟ್ಯೂಸ್ಡೇ'. ಸಂದೇಹ ಇರುವಲ್ಲಿ ಪದ ಬದಲಿಸಿ ಪಾರಾಗುವುದೂ ಭಾಷೆ ಬಲ್ಲವರ ಕೆಲಸವೇ.

ಎರಡನೆಯದು 'ಎರಡು ಗಂಟೆಯಲ್ಲಿ ಬರ್ತೀನಿ'. ಎರಡು ಗಂಟೆ ದಾಟುವುದಿಲ್ಲ, ಬೇಗ ಬಂದರೂ ಬಂದೆ ಎಂದು ನಾವು ಹೇಳುತ್ತಿರುತ್ತೇವೆ. ಇಂಗ್ಲಿಷಿನ 'ಇನ್ ಟೂ ಅವರ್ಸ್' ಹಾಗಲ್ಲ. ಈಗಿನಿಂದ ಎಣಿಸಿ ಎರಡು ಗಂಟೆ ಕಳೆದಾಗ ಎಂದು ಅರ್ಥ. ದಾಟುವುದಿಲ್ಲ ಎನ್ನಬೇಕಾದರೆ 'ವಿದಿನ್ ಟೂ ಅವರ್ಸ್'. ಇನ್ನು 'ಎರಡು ಗಂಟೆ ಆದ್ಮೇಲೆ ಬರ್ತೀನಿ' ಎಂಬುದನ್ನು ನಾವು 'ಆಫ್ಟರ್ ಟೂ ಅವರ್ಸ್' ಮಾಡುತ್ತೇವೆ. ಮುಂದೆ ನಡೆಯುವುದನ್ನು ಈಗಿನಿಂದ ಎಣಿಸಿ ಹೇಳುವಾಗ ಅಲ್ಲಿಯೂ 'ಇನ್ ಟೂ ಅವರ್ಸ್' ಎನ್ನುವುದೇ ರೂಢಿ.

ಹಾಗೇ 'ಐದರಿಂದ ಆರರ ನಡುವೆ'. ಇಂದ ಮತ್ತು ನಡುವೆ ಎರಡನ್ನೂ ಒಟ್ಟಿಗೆ ಬಳಸುವ ಅಭ್ಯಾಸ ನಮಗಿದೆ. ಅದಕ್ಕೇ 'ಬಿಟ್ವೀನ್ ಫೈವ್ ಟು ಸಿಕ್ಸ್' ಎಂದು ತಪ್ಪಾಗಿ ಬರೆಯುತ್ತೇವೆ. ಬಿಟ್ವೀನ್ ಬಂದರೆ ಆ್ಯಂಡ್, ಫ್ರಮ್ ಬಂದರೆ ಟು. ಬೆರೆಸಬೇಡಿ.

ಜಾಗಕ್ಕೆ ಹೋಗುವ ಮೊದಲು ಒಂದು ಮಾತು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆಯೇ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಇಂಗ್ಲಿಷಿಗೂ ಇಂಥ ಬಾಲಗಳಿದ್ದವು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿ ಸೇರುತ್ತಿತ್ತು. ಮುಂದಿನ ಕೆಲವು ನೂರು ವರ್ಷಗಳಲ್ಲಿ ಆ ಬಾಲಗಳು ಸವೆದುಹೋದವು. ಹೀ, ಹಿಮ್, ಹಿಸ್ ಮುಂತಾದ ಕೆಲವು ಕಡೆ ಅದರ ಗುರುತು ಉಳಿದಿದೆ. ಪ್ರಿಪೊಸಿಷನ್ನುಗಳು ಆಗಲೂ ಇದ್ದವು. ಬಾಲ ಹೋದ ಮೇಲೆ ಅದರ ಹೊರೆಯೂ ಅವುಗಳ ಮೇಲೆ ಬಿತ್ತು. ಇಷ್ಟು ಸಣ್ಣ ಪದಗಳಿಗೆ ಇಷ್ಟೊಂದು ಅರ್ಥ ಬಂದದ್ದಕ್ಕೆ ಇದೂ ಒಂದು ಕಾರಣ. ನಾವು ಬಾಲದಲ್ಲಿ ಹೇಳುವುದನ್ನು ಅವರು ತಲೆಯಲ್ಲಿ ಹೇಳುತ್ತಾರೆ.

ಈಗ ಜಾಗ. ಈ ಸಾಲು ನೋಡಿ. 'ದಾವಣಗೆರೆಯಲ್ಲಿ, ಪಿ.ಬಿ. ರಸ್ತೆಯಲ್ಲಿ, ಬಸ್ ಸ್ಟಾಪಿನಲ್ಲಿ ನಿಂತಿದ್ದೇನೆ.' ಎಲ್ಲಕ್ಕೂ ಅಲ್ಲಿ, ಅಲ್ಲಿ, ಅಲ್ಲಿ. ಕಾಲದಲ್ಲಿ ಮೂರು ಬಾಲ ಕೊಟ್ಟ ಕನ್ನಡ ಇಲ್ಲಿ ಒಂದರಲ್ಲೇ ಎಲ್ಲವನ್ನೂ ಮುಗಿಸಿತು. ಇಂಗ್ಲಿಷಿಗೆ ಇಲ್ಲಿಯೂ ಮೂರು ಬೇಕು. 'ಇನ್ ದಾವಣಗೆರೆ', 'ಆನ್ ಪಿ.ಬಿ. ರೋಡ್', 'ಅಟ್ ದಿ ಬಸ್ ಸ್ಟಾಪ್'. ನಮ್ಮ ಕೈ ಎಲ್ಲ ಕಡೆ ಇನ್ ಹಾಕುವುದು ಇದಕ್ಕೇ.

ನಾನು ಮೂರು ಕನ್ನಡ ಪದಗಳಿಂದ ಇದನ್ನು ಕಲಿಸುತ್ತೇನೆ. ಚುಕ್ಕಿ, ಮೈ, ಒಡಲು. ಒಂದು ಜಾಗವನ್ನು ಚುಕ್ಕಿಯಂತೆ ನೋಡಿದರೆ ಅಟ್. ಯಾವುದರದೋ ಮೈಗೆ ತಾಗಿಕೊಂಡಿದ್ದರೆ ಆನ್. ಒಡಲೊಳಗೆ ಇದ್ದರೆ ಇನ್. ಇಲ್ಲಿ ಮುಖ್ಯವಾದದ್ದು ಜಾಗದ ಅಳತೆ ಅಲ್ಲ, ನೀವು ಅದನ್ನು ನೋಡುವ ಬಗೆ. ತ್ರಿಕೋನ ಕೈಕೊಡುವುದು ಇಲ್ಲೇ.

ಅರಸೀಕೆರೆಯನ್ನು ತೆಗೆದುಕೊಳ್ಳಿ. ಅಲ್ಲಿ ನಿಮ್ಮ ಚಿಕ್ಕಮ್ಮನ ಮನೆ ಇದೆ ಎಂದಿಟ್ಟುಕೊಳ್ಳೋಣ. 'ಮೈ ಆಂಟ್ ಲಿವ್ಸ್ ಇನ್ ಅರಸೀಕೆರೆ.' ಆಕೆ ಆ ಊರಿನ ಒಡಲಲ್ಲಿ ಬಾಳುತ್ತಿದ್ದಾರೆ. ಬೆಂಗಳೂರಿನಿಂದ ನಮ್ಮ ಕಡೆಗೆ ಬರುವ ರೈಲಿಗೆ ಮಾತ್ರ ಅದೇ ಊರು ಹಳಿಯ ಮೇಲಿನ ಒಂದು ಚುಕ್ಕಿ. 'ದಿ ಟ್ರೇನ್ ಸ್ಟಾಪ್ಸ್ ಅಟ್ ಅರಸೀಕೆರೆ.' ಊರು ಅದೇ, ಅಳತೆ ಅದೇ. ನೋಡುವವರು ಬೇರೆ. ಇದು ಮನಸ್ಸಿಗೆ ಹತ್ತಿದ ಮೇಲೆ 'ದೊಡ್ಡ ಊರಿಗೆ ಇನ್, ಸಣ್ಣ ಊರಿಗೆ ಅಟ್' ಎಂಬ ಹಳೆಯ ಸೂತ್ರ ಬೇಕಾಗುವುದಿಲ್ಲ.

ಆನ್ ಬಗ್ಗೆ ಜಾಸ್ತಿ ಹೊತ್ತು ನಿಲ್ಲಬೇಕು. ಆನ್ ಎಂದರೆ ಮೇಲೆ ಎಂದು ಚಿಕ್ಕಂದಿನಲ್ಲಿ ಕಲಿತೆವು. ಅದು ಅರ್ಧ ಸತ್ಯ. ಸೂರಿಗೆ ಅಂಟಿಕೊಂಡ ಹಲ್ಲಿಯನ್ನು ನೆನೆಸಿಕೊಳ್ಳಿ. ಅದು ಸೂರಿನ ಕೆಳಗಿದೆ. ಆದರೂ 'ಆನ್ ದಿ ಸೀಲಿಂಗ್'. ಯಾಕೆಂದರೆ ಅದು ಸೂರಿನ ಮೈ ಹಿಡಿದಿದೆ. ತಲೆಯ ಮೇಲೆ ತಿರುಗುವ ಫ್ಯಾನಿಗೆ ನಾವು ಮೇಲೆ ಎನ್ನುತ್ತೇವೆ, ಆದರೆ ತಲೆಗೆ ತಾಗಿಲ್ಲ. ಹಾಗಾಗಿ ತಲೆಯ ಲೆಕ್ಕದಲ್ಲಿ ಅದು ಅಬೋವ್. ಮೇಲೆ ಎಂಬ ಕನ್ನಡ ಪದ ತಾಗುವಿಕೆಯನ್ನು ಗಮನಿಸುವುದಿಲ್ಲ, ಆನ್ ಗಮನಿಸುತ್ತದೆ.

ಈಗ ಮರ. ಕನ್ನಡದಲ್ಲಿ 'ಮರದಲ್ಲಿ ಮಾವಿನ ಹಣ್ಣಿದೆ', 'ಮರದ ಮೇಲೆ ಕೋತಿ ಕೂತಿದೆ'. ಇಂಗ್ಲಿಷಿನಲ್ಲಿ ಪೂರ್ತಿ ತಿರುಗುಮುರುಗು. ಹಣ್ಣು 'ಆನ್ ದಿ ಟ್ರೀ', ಕೋತಿ 'ಇನ್ ದಿ ಟ್ರೀ'. ಹಣ್ಣು ಮರದ ಮೈಗೆ ತೊಟ್ಟಿನಿಂದ ಅಂಟಿದೆ, ಹಾಗಾಗಿ ಆನ್. ಕೋತಿ ಕೊಂಬೆ ಎಲೆಗಳ ಒಡಲೊಳಗೆ ಹೊಕ್ಕು ಕೂತಿದೆ, ಹಾಗಾಗಿ ಇನ್. ನಾವು ಹಣ್ಣನ್ನು ಮರದ್ದೇ ಎಂದು ನೋಡಿ ಅಲ್ಲಿ ಎನ್ನುತ್ತೇವೆ, ಕೋತಿಯನ್ನು ಹತ್ತಿದ ಪ್ರಾಣಿ ಎಂದು ನೋಡಿ ಮೇಲೆ ಎನ್ನುತ್ತೇವೆ. ಎರಡು ಭಾಷೆಯೂ ಒಂದೇ ಮರವನ್ನು ನೋಡಿವೆ. ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಹೊಸದಾಗಿ ಖುಷಿಯಾಗುತ್ತದೆ.

ನದಿಗೂ ಇದೇ ಲೆಕ್ಕ. ನಮ್ಮ ಪಕ್ಕದ ಹರಿಹರ ತುಂಗಭದ್ರೆಯ ದಂಡೆಗೆ ತಾಗಿಕೊಂಡಿದೆ. ಅದು 'ಆನ್ ದಿ ತುಂಗಭದ್ರಾ'. ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ. 'ಆ್ಯನ್ ಐಲೆಂಡ್ ಇನ್ ದಿ ಕಾವೇರಿ'. ಜೋಗದ ಗುಂಡಿ 'ಆನ್ ದಿ ಶರಾವತಿ', ಶರಾವತಿ ಹರಿಯುವ ಗೆರೆಯ ಮೇಲೆ. ಅದೇ ಜೋಗ 'ಇನ್ ಶಿವಮೊಗ್ಗ ಡಿಸ್ಟ್ರಿಕ್ಟ್'. ಪ್ರವಾಸ ಹೋದ ನಾವು ಒಂದು ಗಂಟೆ ನಿಂತದ್ದು 'ಅಟ್ ಜೋಗ್'.

ದಿಕ್ಕು ಹೇಳುವಾಗ ಕನ್ನಡ ಮತ್ತೆ ನಮ್ಮ ಕೈ ಹಿಡಿಯುತ್ತದೆ. ಬೀದರ್ ಕರ್ನಾಟಕದ ಉತ್ತರದಲ್ಲಿದೆ. ಮಹಾರಾಷ್ಟ್ರ ಕರ್ನಾಟಕದ ಉತ್ತರಕ್ಕಿದೆ. ಅಲ್ಲಿ ಎಂದರೆ ಗಡಿಯ ಒಳಗೆ, 'ಇನ್ ದಿ ನಾರ್ತ್ ಆಫ್'. ಕ್ಕೆ ಎಂದರೆ ಗಡಿಯ ಹೊರಗೆ, 'ಟು ದಿ ನಾರ್ತ್ ಆಫ್'.

ಗಾಡಿಗಳ ವಿಷಯ ಎಲ್ಲರೂ ಕೇಳುತ್ತಾರೆ. ಬಸ್ಸು, ರೈಲು, ವಿಮಾನ, ಹಡಗು ಇವಕ್ಕೆ ಆನ್. ಕಾರು, ಆಟೋ, ಟ್ಯಾಕ್ಸಿಗೆ ಇನ್. ಎದ್ದು ನಿಂತು ನಾಲ್ಕು ಹೆಜ್ಜೆ ಓಡಾಡಬಹುದಾದ ಗಾಡಿಗೆ ಆನ್, ಬಗ್ಗಿ ಒಳಗೆ ತೂರಿ ಕೂರುವ ಗಾಡಿಗೆ ಇನ್ ಎಂದು ನೆನಪಿಟ್ಟುಕೊಳ್ಳಿ. ಬೈಕು, ಸೈಕಲ್, ಕುದುರೆಗಳ ಮೈ ಮೇಲೇ ಕೂರುತ್ತೇವೆ, ಹಾಗಾಗಿ ಅವಕ್ಕೂ ಆನ್. ಹತ್ತುವುದು ಇಳಿಯುವುದಕ್ಕೂ ಇದೇ ಜೋಡಿ. ಬಸ್ಸಿಗೆ 'ಗೆಟ್ ಆನ್, ಗೆಟ್ ಆಫ್'. ಕಾರಿಗೆ 'ಗೆಟ್ ಇನ್, ಗೆಟ್ ಔಟ್'.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಫೋನಲ್ಲಿ, ಟೀವಿಯಲ್ಲಿ, ವಾಟ್ಸಾಪಲ್ಲಿ ಎಲ್ಲಕ್ಕೂ ಆನ್. ಪೇಪರಲ್ಲಿ, ಪುಸ್ತಕದಲ್ಲಿ ಎಂದರೆ ಇನ್, ಆದರೆ ಹತ್ತನೇ ಪುಟದಲ್ಲಿ ಎಂದರೆ ಆನ್. ಮೊದಲನೇ ಮಹಡಿಯಲ್ಲಿ ಎಂದರೆ ಆನ್. ಕೋಣೆಯ ಮೂಲೆಯಲ್ಲಿ ಇನ್, ರಸ್ತೆಯ ತಿರುವಿನಲ್ಲಿ ಅಟ್ ಅಥವಾ ಆನ್. ಬಿಸಿಲಲ್ಲಿ, ಮಳೆಯಲ್ಲಿ, ನೆರಳಲ್ಲಿ ಇನ್.

'ಗೆ' ಜಾಗದಲ್ಲಿ ಮಾಡುವ ತೊಂದರೆಯನ್ನೂ ಹೇಳಿಬಿಡಬೇಕು. 'ಮನೆಗೆ ಹೋಗ್ತೀನಿ' ಎಂದರೆ ನಮಗೆ 'ಗೋ ಟು ಹೋಮ್' ಅನ್ನಿಸುತ್ತದೆ. ಸರಿಯಾದದ್ದು 'ಗೋ ಹೋಮ್'. ಶಾಲೆಗೆ 'ಟು ಸ್ಕೂಲ್', ಪೇಟೆಗೆ 'ಟು ದಿ ಮಾರ್ಕೆಟ್', ಮನೆಗೆ ಮಾತ್ರ ಬರೀ ಹೋಮ್. ಹಿಯರ್, ದೇರ್, ಅಬ್ರಾಡ್ ಪದಗಳೂ ಹಾಗೇ. 'ಮೈಸೂರಿಗೆ ತಲುಪಿದೆ' ಎಂದು 'ರೀಚ್ಡ್ ಟು ಮೈಸೂರು' ಬರೆಯುತ್ತೇವೆ. ರೀಚ್ ಮುಂದೆ ಏನೂ ಬೇಡ. ಕನ್ನಡದಲ್ಲೂ 'ಮೈಸೂರು ತಲುಪಿದೆ' ಎನ್ನಬಹುದಲ್ಲ, ಅದನ್ನೇ ನೆನೆಯಿರಿ.

ಶಿಕ್ಷಕರಿಗೆ ಒಂದು ಕೋರಿಕೆ. ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸವೊಂದನ್ನೇ ನೆಚ್ಚಬೇಡಿ. ಅಲ್ಲಿ ಮಗು ಮೂರರಲ್ಲಿ ಒಂದನ್ನು ಊಹಿಸುತ್ತದೆ. ಸರಿಯಾದರೂ ಯಾಕೆ ಸರಿ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಅದರ ಬದಲು ಮಗುವಿನ ಮನೆಯ ವಿಳಾಸ, ಹುಟ್ಟಿದ ದಿನ, ಶಾಲೆಯ ಗಂಟೆ, ಊರ ಜಾತ್ರೆ ಇವನ್ನು ಮೊದಲು ಕನ್ನಡದಲ್ಲಿ ಬರೆಸಿ. ಬಾಲಗಳಿಗೆ ಗೆರೆ ಎಳೆಸಿ. ಆಮೇಲೆ ಇಂಗ್ಲಿಷಿಗೆ ಬನ್ನಿ. ತನಗೆ ಆಗಲೇ ಗೊತ್ತಿರುವುದರ ಮೇಲೆ ಮಗು ಕಾಲೂರಿ ನಿಲ್ಲುತ್ತದೆ.

ಪ್ರಶ್ನೆಗಳಿಗೆ ಬರೋಣ.

ಒಬ್ಬ ಹಿರಿಯರು ಕೇಳಿದರು: 'ಮೇಡಂ, ಅಮೆರಿಕದಲ್ಲಿರೋ ಮೊಮ್ಮಗಳು ಆನ್ ದಿ ವೀಕೆಂಡ್ ಅಂತಾಳೆ. ನಾವು ಓದಿದ್ದು ಅಟ್ ದಿ ವೀಕೆಂಡ್. ಯಾರದ್ದು ಸರಿ?' ಇಬ್ಬರದ್ದೂ ಸರಿ. ಅಟ್ ಬ್ರಿಟನ್ನಿನ ರೂಢಿ, ಆನ್ ಅಮೆರಿಕದ್ದು. ಮಕ್ಕಳು ಬೀದಿಯಲ್ಲಿ ಆಡುವುದನ್ನು ಬ್ರಿಟನ್ನಿನವರು 'ಇನ್ ದಿ ಸ್ಟ್ರೀಟ್' ಎನ್ನುತ್ತಾರೆ, ಅಮೆರಿಕದವರು ಹೆಚ್ಚಾಗಿ 'ಆನ್ ದಿ ಸ್ಟ್ರೀಟ್'. ಅವಳನ್ನು ತಿದ್ದಬೇಡಿ, ನೀವೂ ಬದಲಾಗಬೇಡಿ.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳು 'ಅಟ್ ದಿ ಎಂಡ್', 'ಇನ್ ದಿ ಎಂಡ್' ಬಗ್ಗೆ ಕೇಳಿದಳು. ತಿಂಗಳ ಕೊನೆಗೆ, ಪುಸ್ತಕದ ಕೊನೆಗೆ ಎಂದು ಯಾವುದರ ಕೊನೆ ಎಂದು ಹೇಳಿದರೆ ಅಟ್. ತುಂಬಾ ಯೋಚಿಸಿ, ಅದೂ ಇದೂ ಆಗಿ, 'ಕೊನೆಗೂ ಒಪ್ಪಿದರು' ಎನ್ನುವಲ್ಲಿ ಇನ್.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. 'ಆನ್ ಟೈಮ್, ಇನ್ ಟೈಮ್ ಎರಡೂ ಒಂದೇ ಅಲ್ವಾ?' ಅಲ್ಲ. ಏಳು ಗಂಟೆಗೆ ಹೊರಡಬೇಕಾದ ರೈಲು ಸರಿಯಾಗಿ ಏಳಕ್ಕೆ ಹೊರಟರೆ ಅದು 'ಆನ್ ಟೈಮ್'. ನೀವು ಓಡೋಡಿ ಬಂದು, ಏಳಕ್ಕೆ ಎರಡು ನಿಮಿಷ ಇರುವಾಗ ಬೋಗಿ ಹತ್ತಿದಿರಿ. ನೀವು ಬಂದದ್ದು 'ಇನ್ ಟೈಮ್'. ಆರಕ್ಕೇ ಬಂದು ಪ್ಲಾಟ್‌ಫಾರಮ್ಮಿನಲ್ಲಿ ಟೀ ಕುಡಿಯುತ್ತಾ ಕೂತಿದ್ದರೂ 'ಇನ್ ಟೈಮ್' ಬಂದಿರಿ ಎನ್ನಬಹುದು. ರೈಲು ಮಾತ್ರ ಆರಕ್ಕೇ ಹೊರಟುಬಿಟ್ಟರೆ ಅದನ್ನು 'ಆನ್ ಟೈಮ್' ಎನ್ನಲು ಆಗುವುದಿಲ್ಲ.